ಯಾರ ವರ್ಷದ ಗೊಬ್ಬರ

ಅಪ್ಪ ಬಿಟ್ಟುಹೋದ ಗದ್ದೆ ಒಂದೇ, ಮಕ್ಕಳು ಇಬ್ಬರು. ಹೋಳು ಮಾಡಿದರೆ ಜೋಡಿ ಕೋಣ ತಿರುಗಿಸಲೂ ಜಾಗ ಸಾಲದೆಂದು ಲಂಕೆಯ ಕುರುನೇಗಲದ ಆ ಸೀಮೆಯಲ್ಲಿ ಗದ್ದೆಯನ್ನು ಹಂಚುವುದಿಲ್ಲ, ವರ್ಷಗಳನ್ನು ಹಂಚುತ್ತಾರೆ. ಒಂದು ವರ್ಷ ಅಕ್ಕ ಬಿಸೋ ಮೆನಿಕೆಯದು, ಮರುವರ್ಷ ತಮ್ಮ ಮುದಿಯನ್ಸೆಯದು. ಸರದಿ ಇಲ್ಲದವರು ಗದ್ದೆಗಿಳಿದು ಕೆಲಸ ಮಾಡುವಂತಿಲ್ಲ. ಮಾಡಿದರೆ ಹಕ್ಕು ಸಾಧಿಸಿದಂತೆ. ಒಡಹುಟ್ಟಿದವರು ಅದೊಂದೇ ಕಾರಣಕ್ಕೆ ಕೋರ್ಟು ಹತ್ತಿದ್ದುಂಟು.

ಇಂಥ ಏರ್ಪಾಟಿನಲ್ಲಿ ಮೊದಲು ಬಡವಾಗುವುದು ಮಣ್ಣು. ಸಗಣಿಗೊಬ್ಬರ ನಿಧಾನದ್ದು, ಈ ವರ್ಷ ಹಾಕಿದ್ದರ ಅರ್ಧ ಸಾರ ಮುಂದಿನ ವರ್ಷಕ್ಕೆ, ಅಂದರೆ ಇನ್ನೊಬ್ಬರ ಕಣಜಕ್ಕೆ. ಯೂರಿಯಾ ಹಾಗಲ್ಲ, ಎರಚಿದವರ ಬೆಳೆಗೇ ದಕ್ಕುತ್ತದೆ. ಹಾಗಾಗಿ ಅಕ್ಕನೂ ಯೂರಿಯಾ, ತಮ್ಮನೂ ಯೂರಿಯಾ. ಅವಳ ಎರಡು ಹಸುಗಳ ಸಗಣಿಯೆಲ್ಲ ಹಿತ್ತಲ ತೆಂಗಿಗೆ ಹೋಗುತ್ತಿತ್ತು. ತಮ್ಮ ಜಿಪುಣ, ಹಾಕುವವನಲ್ಲ, ತಾನೊಬ್ಬಳೇ ಯಾಕೆ ಹಾಕಬೇಕು ಎನ್ನುವುದು ಅವಳ ವಾದ.

ಸರ್ಕಾರ ರಾಸಾಯನಿಕ ಗೊಬ್ಬರವನ್ನು ಇದ್ದಕ್ಕಿದ್ದಂತೆ ನಿಲ್ಲಿಸಿದ ವರ್ಷ ಸರದಿ ಮುದಿಯನ್ಸೆಯದು. ಅವನ ಮನೆಯಲ್ಲಿ ಹಸುವಿಲ್ಲ, ಮೂವರು ಮಕ್ಕಳಿದ್ದಾರೆ. ಉತ್ತು ಹದ ಮಾಡಿದ ಗದ್ದೆಗೆ ಅವನು ಬದುವಿನ ಗೊಬ್ಬರದ ಗಿಡದ ಸೊಪ್ಪು ಕಡಿದು ಹಾಕುವುದನ್ನು ಬಿಸೋ ಮೆನಿಕೆ ನೋಡಿದಳು. ಆ ಮಣ್ಣಿಗೆ ಅಷ್ಟು ಸೊಪ್ಪು ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಸತ್ತರೂ ಅವನು ಬಾಯಿಬಿಟ್ಟು ಕೇಳುವವನಲ್ಲ. ಬೆಳೆ ಕೈಕೊಟ್ಟರೆ ಆ ಮಕ್ಕಳು ಉಣ್ಣುವುದೇನು?

ಮರುದಿನ ಬೆಳಿಗ್ಗೆ ಅವಳೇ ಸಗಣಿಗೊಬ್ಬರದ ಮಂಕರಿ ಹೊತ್ತು ಗದ್ದೆಗಿಳಿದು ಸುರಿದಳು.

"ಏನಮ್ಮಾ ಬಿಸೋ, ಪಂಚಾಂಗ ಮರ್ತೆಯಾ? ಈ ವರ್ಷ ನಿಂದಲ್ಲ!" ಪಕ್ಕದ ಗದ್ದೆಯಿಂದ ಮುದುಕ ಅಪ್ಪುಹಾಮಿ ಕಿಚಾಯಿಸಿದ.

ಆ ಕೂಗು ಕೇಳಿ ಮುದಿಯನ್ಸೆ ಓಡಿ ಬಂದ. "ಅಕ್ಕಾ, ಮೇಲೆ ಬಾ. ಯಾರ ವರ್ಷ ಇದು?"

"ನಿಂದೇ ಕಣೋ, ಯಾರು ಇಲ್ಲ ಅಂದ್ರು? ಗೊಬ್ಬರ ಹಾಕ್ತಿದೀನಿ, ಬಿತ್ತನೆ ಮಾಡ್ತಿಲ್ಲ."

"ಇವತ್ತು ಗೊಬ್ಬರ, ನಾಳೆ ಗುದ್ದಲಿ, ನಾಡಿದ್ದು ಗದ್ದೆನೇ ನಂದು ಅಂತೀಯ."

"ಥೂ ನಿನ್ನ! ಮಕ್ಕಳ ಮುಖ ನೋಡಿ ಹೊತ್ಕೊಂಡು ಬಂದೆ. ನಿನ್ನ ಜನ್ಮದಲ್ಲಿ ಅಪ್ಪನ ಗದ್ದೆಗೆ ಒಂದು ಮಂಕರಿ ಸಗಣಿ ಹಾಕಿದೀಯೇನೋ?"

ಮುದಿಯನ್ಸೆ ಗದ್ದೆಗಿಳಿದು ಅವಳೆದುರು ನಿಂತ.

"ಹಾಕಿದೀನಿ. ಅಪ್ಪ ಸತ್ತ ಮೇಲೆ ಮೊದಲ ಸರದಿ ನಂದು. ಅಪ್ಪನ ತಿಪ್ಪೇನ ತಳ ಕೆರೆದು ಇಲ್ಲಿಗೇ ತಂದು ಸುರಿದೆ. ಮಳೆ ಕೈಕೊಡ್ತು, ನಂಗೇನೂ ದಕ್ಕಲಿಲ್ಲ. ಮರುವರ್ಷ ನಿಂಗೆ ಬೆಳೀತಲ್ಲ, ಊರೇ ನಿಂತು ನೋಡೋ ಹಾಗೆ? ಕಣದಲ್ಲಿ ಎಲ್ಲರ ಮುಂದೆ ಏನಂದೆ ನೀನು?"

ಅಂದದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ತಮ್ಮನ ಕೈಯಲ್ಲಿ ಒಣಗಿದ ಗದ್ದೆ ನನ್ನ ಕೈಗುಣಕ್ಕೆ ಬೆಳೆಯಿತು ಎಂದಿದ್ದಳು. ಜನ ನಕ್ಕಿದ್ದರು, ಅವನೂ ನಕ್ಕಿದ್ದ. ಅಪ್ಪನ ತಿಪ್ಪೆ ಏನಾಯಿತೆಂದು ಅವಳು ಕೇಳಿರಲೇ ಇಲ್ಲ. ಮಾರಿಕೊಂಡನೆಂದು ಎಣಿಸಿ, ಇಷ್ಟು ವರ್ಷ ಅದನ್ನೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು.

"ಆಗ್ಲೇ ಹೇಳ್ಬಾರದಿತ್ತೇನೋ?"

"ಗೊಬ್ಬರ ಹಾಕಿದ್ದಕ್ಕೆ ಯಾರಾದ್ರೂ ಡಂಗುರ ಹೊಡೀತಾರೇನಕ್ಕ?"

"ಮುಗೀತಾ ನಿಮ್ಮ ಪುರಾಣ?" ಅಪ್ಪುಹಾಮಿ ಅಲ್ಲಿಂದಲೇ ಕೂಗಿದ. "ಕೇಸ್ ಹಾಕೋದಾದ್ರೆ ಹಾಕಪ್ಪ, ಸಾಕ್ಷಿಗೆ ನಾನಿದೀನಿ!"

ಬಿಸೋ ಮೆನಿಕೆ ಕೆಸರುಗಾಲಲ್ಲೇ ಬದು ಹತ್ತಿ ನಿಂತಳು.

"ಇದೀಯಾ ಮಾವ? ಹಾಗಾದ್ರೆ ಕಿವಿಕೊಟ್ಟು ಕೇಳು! ಆ ವರ್ಷ ನನ್ನ ಕಣ ತುಂಬಿದ್ದು ನನ್ನ ಕೈಗುಣಕ್ಕಲ್ಲ, ನನ್ನ ತಮ್ಮ ಹಾಕಿದ ಗೊಬ್ಬರಕ್ಕೆ. ಹೋಗಿ ಊರಿಗೆಲ್ಲ ಹೇಳು!"

ಮುದಿಯನ್ಸೆ ಮುಖವನ್ನು ಆಚೆ ತಿರುಗಿಸಿಕೊಂಡು ಬಗ್ಗಿದ. ಅವಳು ಸುರಿದಿದ್ದ ಗೊಬ್ಬರವನ್ನು ಎರಡೂ ಕೈಯಿಂದ ಗದ್ದೆಗೆ ಹರಡತೊಡಗಿದ.