ಹೊಂಡದ ಹೆಸರಿನ ಬಾಟಲಿ

ಗಣಿ ಆಫೀಸಿನಲ್ಲಿ ಶಶಿಕಾಂತ್ ಸಾರ್ ನೀರಿನ ವರದಿಯ ಹಾಳೆಯನ್ನು ನನ್ನ ಕಡೆ ತಳ್ಳಿದರು. ಎತ್ತಿಕೊಂಡು ಓದಿದೆ. ಸೀಸ, ಮಿತಿಗಿಂತ ಆರು ಪಟ್ಟು.

"ಲೇ ರವಿತೇಜ, ಇಷ್ಟು ಯಾವತ್ತೂ ಬಂದಿರ್ಲಿಲ್ಲ. ಎಲ್ಲಿ ತುಂಬಿದ್ಯೋ?"

"ಹೊಂಡದ ತೂಬಲ್ಲೇ ಸಾರ್."

ಸುಳ್ಳು. ಹಸಿ ಸುಳ್ಳು.

ಮೊಳಕಾಲ್ಮುರಿನ ಪಕ್ಕದ ಈ ಗಣಿಯಲ್ಲಿ ಅದಿರು ತೊಳೆದ ಕೆಸರು ನೀರು ಹೂಳು ಹೊಂಡಕ್ಕೆ ಬೀಳುತ್ತದೆ. ಮಣ್ಣು ತಳಕ್ಕೆ ಕೂತು ತಿಳಿ ನೀರು ಮಾತ್ರ ತೂಬಿನಿಂದ ಹೊರಗೆ ಹೋಗಬೇಕು. ಆ ನೀರನ್ನು ತಿಂಗಳಿಗೊಮ್ಮೆ ಬಾಟಲಿಗೆ ತುಂಬಿ, ಚೀಟಿ ಅಂಟಿಸಿ, ಚಳ್ಳಕೆರೆ ಬಸ್ಸಿಗೆ ಹಾಕಿ ಪರೀಕ್ಷೆಗೆ ಕಳಿಸುವವನು ನಾನು. ವರದಿ ಸ್ವಲ್ಪ ಕೆಟ್ಟು ಬಂದರೂ ಸಾರ್, ನಾನೇ ವಿಷ ಕಲಸಿದವನೆಂಬಂತೆ ಉಗಿಯುತ್ತಿದ್ದರು. ಬೈಸಿಕೊಂಡು ಬೈಸಿಕೊಂಡು ಸಾಕಾಗಿತ್ತು. ಹೋದ ತಿಂಗಳು ಮಹಾ ಬುದ್ಧಿವಂತನಾದೆ. ನಮ್ಮ ಹಿತ್ತಿಲ ಬಾವಿಯಿಂದಲೇ ಎರಡು ಬಾಟಲಿ ತುಂಬಿ, ಹೊಂಡದ ಚೀಟಿ ಅಂಟಿಸಿದೆ.

ನಾವು ನೇಯುವವರು. ನಮಗೆ ಒಳ್ಳೆಯ ನೀರೆಂದರೆ ರೇಷ್ಮೆಗೆ ಬಣ್ಣ ಕಚ್ಚಿಸುವ ನೀರು. ನಮ್ಮ ಬಾವಿಯ ನೀರಲ್ಲಿ ಅದ್ದಿದ ಕೆಂಪು ಸೀರೆ ಹರಿದರೂ ಮಾಸುವುದಿಲ್ಲ ಎಂದು ಕೇರಿಗೆಲ್ಲ ಜಂಬ. ಇಂಥ ನೀರು ಯಾವ ಪರೀಕ್ಷೆಯಲ್ಲಾದರೂ ಪಾಸಾಗುತ್ತದೆ ಅಂದುಕೊಂಡೆ. ಎಂಥಾ ಮುಠ್ಠಾಳ ನಾನು! ಹೊಂಡ ಇರುವುದು ಗುಡ್ಡದ ಮೇಲೆ, ನಮ್ಮ ಕೇರಿ ಅದರ ಬುಡದಲ್ಲಿ.

ಅವ್ವ ಎರಡು ತಿಂಗಳಿಂದ ಹೇಳುತ್ತಲೇ ಇದ್ದಳು. "ಲಡಿ ಮಂಕಾಗ್ತಾವೆ ಕಣೋ, ನೀರಿಗೆ ಏನೋ ಆಗೈತೆ." ಬಣ್ಣದಿಂದ ತೆಗೆದ ರೇಷ್ಮೆ ಎಳೆಯ ಕಟ್ಟನ್ನು ನನ್ನ ಮುಖಕ್ಕೇ ಹಿಡಿದಿದ್ದಳು. "ನಿನ್ನ ಕಣ್ಣಿಗೆ ಪೊರೆ ಬಂದೈತೆ, ಸುಮ್ನಿರು" ಎಂದು ನಾನೇ ಬಾಯಿ ಮುಚ್ಚಿಸಿದ್ದೆ.

"ಹೋಗ್ಲಿ ಬಿಡು," ಅಂದರು ಸಾರ್. "ಹೊಂಡದ ನೀರನ್ನ ಯಾರೂ ಕುಡಿಯಲ್ವಲ್ಲ. ನಾಳೆ ಇನ್ನೊಂದ್ಸಲ ತುಂಬು. ಎಲ್ಲಾದ್ರೂ ಒಳ್ಳೆ ನೀರು ನೋಡ್ಕೋ, ತಿಳೀತಾ?"

ತಲೆಯಾಡಿಸಿದೆ. ನಿಜ ಹೇಳಿದರೆ ಕೆಲಸ ಹೋಗುತ್ತದೆ, ಕೇಸೂ ಬೀಳಬಹುದು. ವರದಿಯನ್ನು ಜೇಬಿಗೆ ತುರುಕಿಕೊಂಡು ಬೈಕ್ ಹತ್ತಿದೆ. ನನ್ನ ಹೆಂಡತಿ ರಂಜಿತಾ ಏಳು ತಿಂಗಳ ಬಸುರಿ. ಜಾಸ್ತಿ ನೀರು ಕುಡಿಯಲು ನರ್ಸ್ ಹೇಳಿದ್ದಾಳೆಂದು ದಿನವೂ ಅವಳಿಗೆ ಲೋಟ ಕೊಟ್ಟು, ಎದುರಿಗೇ ನಿಂತು ಕುಡಿಸುತ್ತಿದ್ದವನು ನಾನು.

ಅವಳು ಪಡಸಾಲೆಯಲ್ಲಿ ಮಗ್ಗದ ಪಕ್ಕ ಕೂತಿದ್ದಳು. ಕೈಯಲ್ಲಿ ಲೋಟ. ಕಿತ್ತುಕೊಂಡು ಅಂಗಳಕ್ಕೆ ಎಸೆದೆ. ಅಡಿಗೆಮನೆಗೆ ನುಗ್ಗಿ ಕೊಡ, ಬಿಂದಿಗೆ ಎಲ್ಲ ಉರುಳಿಸಿದೆ.

"ಏಮೈಂದಿರಾ, ಏನಾಯ್ತೋ? ಹುಚ್ಚು ಗಿಚ್ಚು ಹಿಡೀತೇನೋ ನಿಂಗೆ?" ಅವ್ವ ಕೂಗಿದಳು.

ಹಾಳೆಯನ್ನು ರಂಜಿತಾಗೆ ಕೊಟ್ಟೆ. ಅವಳು ಪಿಯುಸಿ ಓದಿದವಳು, ನಿಧಾನವಾಗಿ ಓದಿದಳು.

"ಇದ್ರಲ್ಲಿ ಹೊಂಡ ಅಂತ ಐತಲ್ರೀ?"

"ಚೀಟಿ ಹೊಂಡದ್ದು. ನೀರು ನಮ್ಮ ಬಾವೀದು."

ಅವ್ವನಿಗೆ ಅರ್ಥವಾಯಿತು. ಹಗ್ಗದ ಮೇಲೆ ಒಣಹಾಕಿದ್ದ ಮಂಕು ಕೆಂಪು ಲಡಿಯನ್ನು ನೋಡಿದಳೇ ಹೊರತು ನನ್ನನ್ನು ನೋಡಲಿಲ್ಲ. ಅವಳು ಬೈದಿದ್ದರೆ ಚೆನ್ನಾಗಿತ್ತು.

ಫೋನ್ ತೆಗೆದೆ. ಶಶಿಕಾಂತ್ ಸಾರ್‌ಗೆ ಮಾಡಿದೆ. "ಸಾರ್, ಅದು ಹೊಂಡದ ನೀರಲ್ಲ. ನಮ್ಮನೆ ಬಾವೀದು. ನಾವು ಕುಡಿಯೋದು ಸಾರ್, ಇಡೀ ಕೇರಿ ಕುಡಿಯೋದು."

ಅವರು ಕೇಳಿದರು, "ಚೀಟಿ ಮೇಲೆ ಸೈನ್ ಯಾರ್ದು?"

"ನಂದೇ ಸಾರ್."

ಫೋನ್ ಕಟ್ಟಾಯಿತು.

ರಂಜಿತಾ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು, ನೆಲದ ಮೇಲೆ ಹರಿಯುತ್ತಿದ್ದ ನೀರನ್ನೇ ನೋಡುತ್ತಿದ್ದಳು.

"ಬಾಯಿ ಒಣಗ್ತೈತ್ರೀ," ಅಂದಳು. "ಈಗ ಏನು ಕುಡೀಲಿ?"