ಗೇರ್ ಅಳುವ ಸದ್ದು

ಮದುವೆಯಾಗಿ ಆ ಮನೆಗೆ ಬಂದ ಹೊಸತರಲ್ಲಿ ಮಾವನವರ ಜೊತೆ ನಾನು ಆಡಿದ ಮೊದಲ ಸರಿಯಾದ ಮಾತು, "ನಿಮ್ಮ ಸ್ಪ್ರಿಂಗು ಹಿಟ್ಟಿನ ಡಬ್ಬದಲ್ಲಿದೆ" ಅಂತ. ಅದಕ್ಕೂ ಮುಂಚೆ ನಮ್ಮಿಬ್ಬರ ನಡುವೆ ಇದ್ದದ್ದು "ಊಟ ಆಯ್ತಾ?", "ಆಯ್ತು", ಅಷ್ಟೇ. ಆ ದಿನ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಅವರು ಏನನ್ನೋ ಬಿಚ್ಚುತ್ತಿದ್ದರು. ಟಪ್ ಎಂದು ಸದ್ದಾಯಿತು. ತೆರೆದ ಬಾಗಿಲಿನಿಂದ ಏನೋ ಹಾರಿ ಬಂದು, ನಾನು ಮುಚ್ಚಳ ತೆಗೆದಿಟ್ಟಿದ್ದ ಡಬ್ಬದೊಳಗೆ ಬಿತ್ತು. ನನ್ನ ಮುಖವೆಲ್ಲ ಹಿಟ್ಟು. ಅತ್ತೆ ತಿರುಗಿಯೂ ನೋಡಲಿಲ್ಲ. ಹೋದ ವಾರ ಹಾಲಿನ ಪಾತ್ರೆಗೆ ಬಿದ್ದಿತ್ತು, ನಿನ್ನ ಪುಣ್ಯ ದೊಡ್ಡದು ಎಂದರು.

ಮಾವ ಹೊಲಿಗೆ ಯಂತ್ರದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ನಿವೃತ್ತಿಯಾದ ಮೇಲೆ ಕೈ ಸುಮ್ಮನಿರಲಿಲ್ಲ. ಊರಾಚೆಯ ಮುಚ್ಚಿದ ಇಟ್ಟಿಗೆ ಕಾರ್ಖಾನೆಯಲ್ಲಿ ರಜೆಯ ದಿನ ಒಂದು ತಂಡ ಏರ್‌ಸಾಫ್ಟ್ ಎಂಬ ಬಂದೂಕಿನ ಆಟ ಆಡುತ್ತಿತ್ತು. ಬಂದೂಕು ನೋಡಲು ಅಸಲಿಯಂತೆಯೇ ಇರುತ್ತದೆ, ಹಾರುವುದು ಮಾತ್ರ ಬಟಾಣಿಗಿಂತ ಸಣ್ಣ ಪ್ಲಾಸ್ಟಿಕ್ ಗುಂಡು. ಒಳಗೆ ಬ್ಯಾಟರಿಯಿಂದ ಓಡುವ ಮೋಟಾರು ಗೇರುಗಳನ್ನು ತಿರುಗಿಸಿ ಸ್ಪ್ರಿಂಗು ಎಳೆದು ಬಿಡುತ್ತದೆ. ವಾರವಿಡೀ ತಲೆ ತಗ್ಗಿಸಿ ಕೆಲಸ ಮಾಡುವ ಗುಮಾಸ್ತರು, ಹಲ್ಲಿನ ಡಾಕ್ಟರು, ಬಸ್ ಡ್ರೈವರು, ಎಲ್ಲರೂ ಅಲ್ಲಿ ಮುಖಕ್ಕೆ ಮುಸುಕು, ಕಣ್ಣಿಗೆ ದಪ್ಪ ಕನ್ನಡಕ ಹಾಕಿಕೊಂಡು ಒಬ್ಬರನ್ನೊಬ್ಬರು ಅಟ್ಟಾಡಿಸಿಕೊಂಡು ಹೊಡೆಯುತ್ತಿದ್ದರು. ಕೆಟ್ಟ ಬಂದೂಕುಗಳೆಲ್ಲ ಮಾವನ ಮೇಜಿಗೆ ಬರುತ್ತಿದ್ದವು.

ಸ್ಪ್ರಿಂಗು ಕೊಡಲು ಹೋದವಳು ಅಲ್ಲೇ ನಿಂತುಬಿಟ್ಟೆ. ಅವರು ಎದುರಿನ ಕುರ್ಚಿಯ ಮೇಲಿದ್ದ ಸಾಮಾನು ತೆಗೆದು ಕೆಳಗಿಟ್ಟರು, ಅಷ್ಟೇ. ನನ್ನ ಕಲಿಕೆ ಶುರುವಾದದ್ದು ಹಾಗೆ.

ಮೊದಲ ಪಾಠ ಪ್ಲಾಸ್ಟಿಕ್ ಚೀಲದ್ದು. ಗೇರ್‌ಬಾಕ್ಸನ್ನು ದೊಡ್ಡ ಪಾರದರ್ಶಕ ಚೀಲದೊಳಗಿಟ್ಟು, ಚೀಲದ ಬಾಯಿಂದ ಎರಡೂ ಕೈ ತೂರಿಸಿ ಬಿಚ್ಚಬೇಕು. ಸ್ಪ್ರಿಂಗು ಹಾರಿದರೂ ಚೀಲದಲ್ಲೇ ಉಳಿಯುತ್ತದೆ. ಇಷ್ಟು ಗೊತ್ತಿದ್ದೂ ಅವರೇಕೆ ಚೀಲ ಬಳಸುತ್ತಿರಲಿಲ್ಲ ಎಂದು ಕೇಳಿದೆ. ಅದು ಕಲಿಯುವವರಿಗೆ ಎಂದರು. ಅಡುಗೆಮನೆಯಿಂದ ಅತ್ತೆ ಜೋರಾಗಿ ನಕ್ಕರು.

ಬಿಚ್ಚುವುದು, ಒರೆಸುವುದು, ಗ್ರೀಸ್ ಹಚ್ಚುವುದು ಬೇಗ ಬಂತು. ಬಾರದೇ ಹೋದದ್ದು ವಾಷರ್ ಕೂರಿಸುವ ಕೆಲಸ. ಗೇರುಗಳ ಅಕ್ಕಪಕ್ಕ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ವಾಷರ್‌ಗಳನ್ನು ಇಡಬೇಕು. ಒಂದು ಹೆಚ್ಚಾದರೂ ಗೇರ್ ಬಿಗಿಯುತ್ತದೆ, ಒಂದು ಕಡಿಮೆಯಾದರೂ ಅಲುಗಾಡುತ್ತದೆ, ಎರಡರಲ್ಲೂ ಕೊನೆಗೆ ಹಲ್ಲು ಉದುರುತ್ತದೆ. ಸರಿಯಾಗಿದೆಯೋ ಇಲ್ಲವೋ ಎಂಬುದನ್ನು ಕಣ್ಣು ಹೇಳುವುದಿಲ್ಲ, ಕಿವಿಯೇ ಹೇಳಬೇಕು. ಬ್ಯಾಟರಿ ಜೋಡಿಸಿ ಬಂದೂಕಿನ ಕುದುರೆ, ಅಂದರೆ ಟ್ರಿಗರ್, ಎಳೆದರೆ, "ಇದು ಅಳ್ತಾ ಇದೆ" ಎನ್ನುತ್ತಿದ್ದರು ಮಾವ. ಇಲ್ಲವೇ, "ಇದು ಗೊಣಗ್ತಾ ಇದೆ." ನನಗೆ ಎರಡೂ ಒಂದೇ ಗುರ್ರ್. ಬ್ಯಾಟರಿ ಹಳೆಯದು, ಮೋಟಾರು ಸರಿಯಿಲ್ಲ ಎಂದೆಲ್ಲ ನೆಪ ಹೇಳುತ್ತಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅವರು ವಾಷರ್ ಡಬ್ಬಿಯನ್ನು ಮತ್ತೆ ನನ್ನ ಕಡೆಗೇ ತಳ್ಳುತ್ತಿದ್ದರು.

ಆಮೇಲೊಂದು ದಿನ, ಹೇಗೆಂದು ಕೇಳಿದರೆ ನನಗೂ ಗೊತ್ತಿಲ್ಲ, ಗೇರ್ ಅತ್ತದ್ದು ನನಗೆ ಕೇಳಿಸಿತು. ಸಣ್ಣಗೆ, ಹಲ್ಲಿನ ಬುಡ ಜುಮ್ಮೆನ್ನುವಂಥ ಸದ್ದು. ನಾನು ಮುಖ ಕಿವಿಚಿದೆ. ಮಾವನ ಮುಖ ಅರಳಿತು.

ಎಂಥ ಒಳ್ಳೆಯ ದಿನಗಳವು! ಸತ್ತುಹೋದ ಬಂದೂಕುಗಳ ರಾಶಿಯಿಂದ ನಾವಿಬ್ಬರೂ ಸೇರಿ ನಮ್ಮದೇ ಒಂದನ್ನು ಕಟ್ಟಿದೆವು. ಒಂದರ ನಳಿಗೆ, ಇನ್ನೊಂದರ ಮೋಟಾರು, ಮತ್ತೊಂದರ ಪಿಸ್ಟನ್. ಹೆಗಲಿಗೆ ಒತ್ತಿಕೊಳ್ಳುವ ಹಿಂಭಾಗಕ್ಕೆ ಒಳ್ಳೆಯ ಮರ ಸಿಗಲಿಲ್ಲ. ಅದೇ ಹೊತ್ತಿಗೆ ಅತ್ತೆಯ ಆರಾಮಕುರ್ಚಿಯ ಒಂದು ಕೈ ಕಾಣೆಯಾಯಿತು. ಕಳ್ಳರು ಬಂದರೆ ಪೂರ್ತಿ ಕುರ್ಚಿ ಒಯ್ಯುತ್ತಾರೆ, ಬರೀ ಕೈ ಒಯ್ಯುವ ಕಳ್ಳರು ಮನೆಯಲ್ಲೇ ಇರಬೇಕು ಎಂದು ಅತ್ತೆ ಒಂದು ವಾರ ನಮ್ಮಿಬ್ಬರೊಡನೆ ಮಾತು ಬಿಟ್ಟರು. ಆ ಬಂದೂಕಿಗೆ 'ಬೆರಕೆ' ಎಂದು ಹೆಸರಿಟ್ಟೆವು. ಕುಕ್ಕರ್ ಕೂಗಿದರೂ ಬೆಚ್ಚಿಬೀಳುವ ನನ್ನ ಗಂಡ ಅದನ್ನು ಮುಟ್ಟಲೇ ಇಲ್ಲ.

ವರ್ಷಗಳು ಹೀಗೇ ಹೋದವು. ಕೂಗಿದರೆ ಮಾವ ಓಗೊಡುವುದು ಕಡಿಮೆಯಾಯಿತು. ಫೋನ್ ಹೊಡೆದುಕೊಳ್ಳುತ್ತಿದ್ದರೂ ಏಳುತ್ತಿರಲಿಲ್ಲ. ಅವರದು ಜಾಣಕಿವುಡು, ಅಂಗಡಿಗೆ ಹೋಗಿ ಬನ್ನಿ ಅಂದರೆ ಕೇಳಿಸುವುದಿಲ್ಲ, ಊಟಕ್ಕೆ ಬನ್ನಿ ಅಂದರೆ ಕೇಳಿಸುತ್ತೆ ಎಂದು ಅತ್ತೆ ಹಂಗಿಸುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು.

ಆ ವರ್ಷ ನನ್ನ ಅಕ್ಕನಿಗೆ ಆಪರೇಷನ್ ಆಗಿ, ನಾನು ಒಂದಷ್ಟು ಕಾಲ ಅವಳ ಮನೆಯಲ್ಲಿ ಇರಬೇಕಾಯಿತು. ವಾಪಸು ಬಂದ ಮೇಲೆ ತಂಡದ ಕ್ಯಾಪ್ಟನ್, ಆ ಹಲ್ಲಿನ ಡಾಕ್ಟರು, ನನ್ನನ್ನು ಬೀದಿಯಲ್ಲೇ ತಡೆದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಹಾಗೆ ಮಾತಾಡಿದರು. ಈಚೆಗೆ ನಿಮ್ಮ ಮಾವನವರು ಮಾಡಿಕೊಟ್ಟ ಬಂದೂಕುಗಳಲ್ಲೆಲ್ಲ ಗೇರ್ ಹಲ್ಲು ಉದುರುತ್ತಿದೆ, ಹುಡುಗರು ಹೊಸ ಅಂಗಡಿಗೆ ಕೊಡೋಣ ಅನ್ನುತ್ತಿದ್ದಾರೆ, ಈಗ ನನ್ನದೇ ಬಂದೂಕು ಕೊಟ್ಟಿದ್ದೇನೆ, ಇದೂ ಹಾಗೇ ಆದರೆ ನಾನು ತಡೆಯಲಾರೆ, ನೀವೇ ಅವರಿಗೆ ಒಂದು ಮಾತು ಹೇಳಿ ಎಂದರು.

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಆ ಮೇಜು ಹೋದರೆ ಮಾವನಿಗೆ ಏನು ಉಳಿಯುತ್ತದೆಂದು ನನಗೆ ಗೊತ್ತಿತ್ತು. ನಿವೃತ್ತಿಯಾಗಿ ಕಿಟಕಿ ಪಕ್ಕ ಕೂತ ಕಾರ್ಖಾನೆಯ ಗೆಳೆಯರು ಹೇಗೆ ಕುಗ್ಗಿಹೋದರೆಂದು ಅವರೇ ಹೇಳುತ್ತಿದ್ದರು. ನನಗೆ ಹೆದರಿಕೆಯಾಯಿತು. ಕೈ ನಡುಗುತ್ತಿದೆಯೋ, ಕಣ್ಣು ಮಂಜಾಗಿದೆಯೋ, ಮೊದಲು ನೋಡಿಕೊಳ್ಳೋಣ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಅವರು ಕ್ಯಾಪ್ಟನ್ನಿನ ಬಂದೂಕು ಬಿಚ್ಚಿದರು. ಕೈ ಚೂರೂ ನಡುಗಲಿಲ್ಲ. ಕಣ್ಣೂ ಸರಿಯಾಗಿಯೇ ಇತ್ತು, ನೆಲಕ್ಕೆ ಬಿದ್ದ ವಾಷರನ್ನು ನನಗಿಂತ ಮುಂಚೆ ಕಂಡರು. ನಾನು ಯಾವತ್ತಿನಂತೆ ಎದುರು ಕೂತರೆ ಅವರು ನನ್ನನ್ನು ಕೇಳಿಕೊಂಡು ಮಾಡುತ್ತಾರೇನೋ, ಅವರ ಪಾಡಿಗೆ ಬಿಡೋಣ ಎಂದು ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡು, ಬೆನ್ನು ಹಾಕಿ ಕೂತು ಸ್ಕ್ರೂ ಆರಿಸತೊಡಗಿದೆ.

ನನ್ನ ಬೆನ್ನ ಹಿಂದೆ ಅವರು ಬ್ಯಾಟರಿ ಜೋಡಿಸಿ ಕುದುರೆ ಎಳೆದರು. ಗೇರ್ ಅತ್ತಿತು. ಅಳುವುದೇನು, ಕಿರುಚಿತು. ಕಿಟಕಿಯ ಕಡೆಗೇ ನಾನು ಮುಖ ಕಿವಿಚಿದೆ. ಈಗ ಬಿಚ್ಚುತ್ತಾರೆ, ಈಗ ಒಂದು ವಾಷರ್ ತೆಗೆಯುತ್ತಾರೆ ಎಂದು ಕಾದೆ. ಅವರು ಮತ್ತೆ ಎಳೆದರು. ಮತ್ತೆ ಅದೇ ಕಿರುಚಾಟ. ಬಿಚ್ಚುವ ಸದ್ದು ಬರಲೇ ಇಲ್ಲ. ಆಮೇಲೆ ಮಾವ ಹೇಳಿದರು:

"ನೀನು ಆ ಕಡೆ ಮುಖ ಮಾಡಿ ಕೂತ್ರೆ ನಾನು ಹೇಗೆ ಕೇಳಿಸ್ಕೊಳ್ಳಲಿ, ತಾಯಿ?"

ನಾನು ತಿರುಗಿದೆ. ಅವರು ಬಂದೂಕನ್ನು ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದರು.

"ಯಾವಾಗಿಂದ?" ಎಂದೆ.

ಕೆಲವು ವರ್ಷವೇ ಆಯಿತಂತೆ. ದಪ್ಪ ಸದ್ದು ಕೇಳುತ್ತದೆ, ಎದುರಿಗೆ ಆಡಿದ ಮಾತು ಕೇಳುತ್ತದೆ, ಸಣ್ಣ ಕೀರಲು ಸದ್ದು ಪೂರ್ತಿ ಹೋಗಿದೆ. ಆದರೆ ಗೇರ್ ಅತ್ತರೆ ನನ್ನ ಮೂಗು ಸುಕ್ಕಾಗುತ್ತದೆ, ಗೊಣಗಿದರೆ ಎಡಗಡೆ ಹುಬ್ಬು ಮೇಲೇಳುತ್ತದೆ, ಸರಿ ಬಂದರೆ ನಾನು ಕೈಯಲ್ಲಿದ್ದ ಕೆಲಸಕ್ಕೆ ವಾಪಸು ಹೋಗುತ್ತೇನಂತೆ. ಇದನ್ನೆಲ್ಲ ಅವರು ತುಂಬ ಸಹಜವಾಗಿ, ಬೇರೆ ಯಾರದೋ ಯಂತ್ರದ ವಿಷಯ ಹೇಳುವ ಹಾಗೆ ಹೇಳಿದರು.

"ನೀನು ಅಕ್ಕನ ಮನೆಗೆ ಹೋದಾಗ ಮಾಡಿದ್ದೆಲ್ಲ ಕೆಟ್ಟಿತು. ಕ್ಯಾಪ್ಟನ್ ಹೇಳದಿದ್ರೂ ನನಗೆ ಗೊತ್ತು. ಬಂದವರಿಗೆ ಇಲ್ಲ ಅನ್ನೋಕೆ ನಾಲಿಗೆ ಏಳಲಿಲ್ಲ."

ನನಗೆ ಸಿಟ್ಟು ಬಂತು. ಇಷ್ಟು ವರ್ಷ ನನಗೆ ಹೇಳಬಾರದಿತ್ತೇ ಎಂದು ರೇಗಿದೆ. ರೇಗುತ್ತಲೇ ಕುರ್ಚಿಯನ್ನು ಅವರ ಎದುರಿಗೆ ಎಳೆದುಕೊಂಡೆ, ಅದರ ಕಾಲು ನೆಲಕ್ಕೆ ಉಜ್ಜಿ ದೊಡ್ಡ ಸದ್ದಾಯಿತು. ಅವರು ಬ್ಯಾಟರಿ ಜೋಡಿಸಿದರು. ಎಳೆದರು. ನಾನು ಮೂಗು ಸುಕ್ಕು ಮಾಡಿದೆ, ಬೇಕೆಂದೇ, ಮಂಗನ ಹಾಗೆ. ಅವರು ನಗುತ್ತಾ ಬಿಚ್ಚಿ ಒಂದು ವಾಷರ್ ತೆಗೆದರು. ಮಧ್ಯಾಹ್ನದ ಹೊತ್ತಿಗೆ ಗೇರ್ ಊಟ ಮುಗಿದ ಮನೆಯ ಹಾಗೆ ತಣ್ಣಗಾಯಿತು.

ಆ ಬಂದೂಕಿನ ಹಲ್ಲು ಉದುರಲಿಲ್ಲ. ಮುಂದಿನ ರಜೆಯ ದಿನ ಕ್ಯಾಪ್ಟನ್ ಇನ್ನೂ ಎರಡನ್ನು ಹೊತ್ತುಕೊಂಡು ಬಂದರು. ನಾನು ಅಡುಗೆಮನೆಯಲ್ಲಿ ಚಹಾಕ್ಕೆ ನೀರಿಟ್ಟಿದ್ದೆ. ಆ ಕೋಣೆಯಲ್ಲಿ ಆಡಿದ ಮಾತು ಇಲ್ಲಿಗೆ ಚೆನ್ನಾಗಿ ಕೇಳುತ್ತದೆ. ಏನೇ ಹೇಳಿ ಯಜಮಾನ್ರೇ, ನಿಮ್ಮ ಕಿವಿಯಂಥ ಕಿವಿ ಈ ಊರಲ್ಲಿ ಇನ್ನೊಂದಿಲ್ಲ ಎಂದು ಅವರು ಹೊಗಳಿದರು. ತಕ್ಷಣ ಕೆಲಸ ಶುರುಮಾಡಿ ಎಂದೂ ಕೇಳಿಕೊಂಡರು.

"ಸ್ವಲ್ಪ ಇರಿ," ಎಂದರು ಮಾವ. "ನನ್ನ ಕಿವಿ ಒಳಗೆ ಚಹಾ ಮಾಡ್ತಾ ಇದೆ. ಬರಲಿ, ಶುರು ಮಾಡೋಣ."

ನಾನು ಹಿಟ್ಟಿನ ಡಬ್ಬದ ಮುಂದೆ ನಿಂತು ಕಣ್ಣೊರೆಸಿಕೊಂಡೆ. ಅತ್ತೆ ನೋಡಿದರು.

"ಏನಾಯ್ತೇ? ಮತ್ತೆ ಸ್ಪ್ರಿಂಗ್ ಬಂತಾ?"

ಹೌದು ಅತ್ತೆ ಎಂದು, ಚಹಾ ತೆಗೆದುಕೊಂಡು ಎದುರಿನ ಕುರ್ಚಿಗೆ ಹೋದೆ.