ಆರನೆಯ ತುಂಡಿನ ಸಂದು

ಒಂದು ಯಂತ್ರ ನನ್ನ ಅಪ್ಪನ ತಪ್ಪು ಹಿಡಿಯುತ್ತದೆ ಎಂದು ಯಾರಾದರೂ ಮೊದಲೇ ಹೇಳಿದ್ದರೆ ಅವನ ಕಪಾಳಕ್ಕೆ ಬಾರಿಸುತ್ತಿದ್ದೆ. ಬಾರಿಸುವುದರಲ್ಲಿ ನಾನು ಮೊದಲಿನಿಂದಲೂ ಮುಂದು. ಏಳು ವರ್ಷದ ಹಿಂದೆ ಇಂಥದೇ ಮಾತಿಗೆ ನನ್ನ ಸ್ವಂತ ತಮ್ಮ ಉಸ್ಮಾನನಿಗೆ ಬಾರಿಸಿ, ವರ್ಕ್‌ಶಾಪಿನಿಂದ ಹೊರಗೆ ಹಾಕಿದ್ದೆ.

ನನ್ನ ಹೆಸರು ಜಮಾಲಸಾಬ. ಊರು ಬಿಜಾಪುರದ ಕಡೆ. ಬೈಕುಲ್ಲಾದ ಒಂದು ತಗಡಿನ ವರ್ಕ್‌ಶಾಪಿನಲ್ಲಿ ಗುರುತು ಹಾಕುವುದು ನನ್ನ ಕೆಲಸ. ತಗಡನ್ನು ಎಲ್ಲಿ ಕತ್ತರಿಸಬೇಕೋ ಅಲ್ಲಿ ನಾನು ಗೆರೆ ಎಳೆಯಬೇಕು; ಗೆರೆ ತಪ್ಪಿದರೆ ಮುಂದಿನವರೆಲ್ಲರ ಕೆಲಸವೂ ಹಾಳು. ನನಗಿಂತ ಮೊದಲು ಆ ಜಾಗದಲ್ಲಿ ನಮ್ಮ ಅಬ್ಬಾ ಇದ್ದರು. ಇಡೀ ವರ್ಕ್‌ಶಾಪು ಅವರನ್ನು ಉಸ್ತಾದ್ ಎಂದೇ ಕರೆಯುತ್ತಿತ್ತು. ಅರವತ್ತು ಡಿಗ್ರಿಯ ಮೂಲೆ ಬೇಕಾದಾಗ ಬಳಸಲು ಅಬ್ಬಾ ಹಿತ್ತಾಳೆಯಲ್ಲಿ ಮೂರು ಮೂಲೆಯ ಒಂದು ಫಲಕ ಮಾಡಿಟ್ಟಿದ್ದರು. ಅದಕ್ಕೆ ಫರ್ಮಾ ಎನ್ನುತ್ತಿದ್ದೆವು. ತಗಡಿನ ಮೇಲೆ ಫರ್ಮಾ ಇಟ್ಟು, ಅದರ ಅಂಚಿಗೆ ಉಕ್ಕಿನ ಮೊಳೆಯಿಂದ ಗೀರಿದರೆ ಮುಗಿಯಿತು. ಫರ್ಮಾದಿಂದ ತಗಡನ್ನು ಅಳೆಯಬಹುದು, ಆದರೆ ಫರ್ಮಾವನ್ನು ಯಾರೂ ಅಳೆಯಬಾರದು. ಉಸ್ತಾದರ ಸಾಮಾನಿಗೆ ಅಳತೆಪಟ್ಟಿ ಹಚ್ಚುವುದೆಂದರೆ ಅವರ ಬಾಯಿ ತೆರೆಸಿ ಹಲ್ಲು ಎಣಿಸಿದ ಹಾಗೆ ಎಂದು ನಾವೆಲ್ಲ ನಂಬಿದ್ದೆವು.

ಎಪ್ಪತ್ತೊಂದನೆಯ ಇಸವಿಯಲ್ಲಿ ದೊಡ್ಡದೊಂದು ನೀರಿನ ಟಾಕಿಗೆ ಆರು ಮೂಲೆಯ ಮುಚ್ಚಳ ಮಾಡುವ ಕೆಲಸ ಬಂತು. ರೊಟ್ಟಿಯನ್ನು ನಡುವಿನಿಂದ ಆರು ಪಾಲು ಮಾಡಿದ ಹಾಗೆ ಆರು ತುಂಡು, ಆರರ ಚೂಪು ತುದಿಯೂ ನಡುವೆ ಬಂದು ಕೂಡಬೇಕು. ನಮ್ಮಲ್ಲಿ ಅಂಥದ್ದನ್ನು ಹಿಂದೆಂದೂ ಮಾಡಿರಲಿಲ್ಲ. ನಾಲ್ಕು ತುಂಡಿಗೆ ನಾನು ಫರ್ಮಾ ಇಟ್ಟು ಗುರುತು ಹಾಕಿದೆ. ಫರ್ಮಾ ನನ್ನ ಕೈಯಲ್ಲಿದ್ದುದರಿಂದ ಉಸ್ಮಾನ ಉಳಿದ ಎರಡಕ್ಕೆ ಶಾಲೆಯ ಮಕ್ಕಳ ಕಂಪಾಸ್ ಪೆಟ್ಟಿಗೆಯ ಕೋನಮಾಪಕ ಬಳಸಿದ. ಕತ್ತರಿಸಿ ನೆಲದ ಮೇಲೆ ಜೋಡಿಸಿದರೆ ಆರನೆಯ ತುಂಡಿಗೂ ಮೊದಲನೆಯದಕ್ಕೂ ನಡುವೆ ನಾಲ್ಕು ಬೆರಳಿನ ಸಂದು ಬಾಯಿ ತೆರೆದು ಕೂತಿತ್ತು. ಆರ್ಡರು ಕೊಟ್ಟ ಪಾರ್ಟಿಯವರು ಅಲ್ಲೇ ನಿಂತಿದ್ದರು. ನನ್ನ ನಾಲ್ಕು ತುಂಡುಗಳನ್ನು ಒಂದರ ಮೇಲೊಂದು ಇಟ್ಟು ತೋರಿಸಿದೆ, ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಉಸ್ಮಾನನ ಎರಡು ಮಾತ್ರ ಬೇರೆ. ನಾಲ್ಕು ಒಂದು ಕಡೆ, ಎರಡು ಒಂದು ಕಡೆ. ಯಾರದು ತಪ್ಪು ಎನ್ನಲು ಇನ್ನೇನು ಬೇಕು?

"ಭಾಯಿ, ಒಂದ ಸಲ ಫರ್ಮಾ ಅಳದ ನೋಡು," ಅಂದ ಉಸ್ಮಾನ.

ಅಬ್ಬಾನ ಎದುರೇ ಹೊಡೆದೆ. ಅವನು ಕೆನ್ನೆ ಹಿಡಿದುಕೊಂಡು ಅಬ್ಬಾನ ಮುಖ ನೋಡಿದ. ಅಬ್ಬಾ ತುಟಿ ಎರಡು ಮಾಡಲಿಲ್ಲ. ಇನ್ನು ಈ ಬಾಗಿಲು ತುಳಿಯಬೇಡ ಎಂದು ನಾನು ಕೂಗಿದೆ. ಉಸ್ಮಾನ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಪಾರ್ಟಿಯವರು ಆರ್ಡರನ್ನು ಬೇರೆ ಕಡೆ ಒಯ್ದರು, ಆರೂ ತುಂಡು ಅಂದೇ ಗುಜರಿ ಸೇರಿದವು. ಉಸ್ಮಾನ ಧಾರಾವಿಯಲ್ಲಿ ಚೀಲಕ್ಕೆ ಚರ್ಮ ಕತ್ತರಿಸುತ್ತಾನೆ ಎಂಬ ಸುದ್ದಿ ಬಂತು. ಮೂರು ವರ್ಷದ ಮೇಲೆ ಅಬ್ಬಾ ತೀರಿಕೊಂಡಾಗ ಮಣ್ಣಿಗೆ ಬಂದಿದ್ದ. ನಾನು ಮಾತಾಡಿಸಲಿಲ್ಲ.

ಅಬ್ಬಾ ಅಂದು ಸುಮ್ಮನಿದ್ದದ್ದು ನನ್ನ ಪರವಾಗಿ ಎಂದೇ ನಾನು ತಿಳಿದಿದ್ದೆ. ಅವರಿಗೆ ಹಿರಿಯ ಮಗನ ಮೇಲೆ ಭರವಸೆ, ಕಿರಿಯನ ಮೇಲೆ ಇಲ್ಲ. ಇದೊಂದರ ಮೇಲೆಯೇ ನಾನು ಏಳು ವರ್ಷ ಎದೆಯುಬ್ಬಿಸಿ ತಿರುಗಿದೆ.

ಈಗ ಎಪ್ಪತ್ತೆಂಟನೆಯ ಇಸವಿ. ನಮಗೆ ಕೆಲಸ ಕೊಡುವ ವಿಲೆ ಪಾರ್ಲೆಯ ಕಂಪನಿಯೊಂದು ಚಿತ್ರ ಬರೆಯುವ ಕಂಪ್ಯೂಟರ್ ತರಿಸಿತು. ಇನ್ನು ಮುಂದೆ ಅದು ಬರೆದ ನಕ್ಷೆಯಂತೆಯೇ ಗುರುತು ಹಾಕಬೇಕು, ಬಂದು ನೋಡಿಕೊಂಡು ಹೋಗಿ ಎಂದು ಹೇಳಿಕಳಿಸಿದರು. ನನಗೆ ಮೈಯೆಲ್ಲ ಉರಿಯಿತು. ಯಂತ್ರದ ಮರ್ಯಾದೆ ತೆಗೆಯಬೇಕೆಂದೇ ಫರ್ಮಾವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಲೋಕಲ್ ರೈಲು ಹತ್ತಿದೆ.

ಅಲ್ಲಿ ವಿನೋದಿನಿ ಎಂಬ ಇಂಜಿನಿಯರ್ ಇದ್ದರು, ಧಾರವಾಡದ ಹೆಣ್ಣುಮಗಳು. ತಣ್ಣಗೆ ಕೊರೆಯುವ ಕೋಣೆ. ಒಂದು ಮೇಜಿನ ಮೇಲೆ ಟೈಪ್‌ರೈಟರಿನಂಥ ಕೀಲಿಮಣೆ. ಇನ್ನೊಂದರ ಮೇಲೆ ದೊಡ್ಡ ಕಾಗದ ಹಾಸಿತ್ತು, ಅದರ ಮೇಲೆ ಯಾರೂ ಹಿಡಿಯದ ಒಂದು ಪೆನ್ನು.

"ಬಾಯಾರ, ಇದರ ಮೂಲಿ ಎಷ್ಟಂತ ನಿಮ್ಮ ಮಷೀನಿಗೆ ಕೇಳ್ರಿ," ಅಂದೆ. "ಅರವತ್ತ ಅನ್ನಲಿಲ್ಲಂದ್ರ ಮಷೀನ್ ಗುಜರಿಗೆ ಹಾಕ್ರಿ."

ಅವರು ನಕ್ಕರು. "ಮೂರೂ ಬದಿ ಅಳತಿ ಕೊಟ್ರ ಸಾಕು ಚಾಚಾ. ಮೂಲಿ ಅದ ಹುಡುಕ್ತದ." ಹಾಗೆನ್ನುತ್ತಲೇ ಫರ್ಮಾದ ಅಂಚಿಗೆ ಅಳತೆಪಟ್ಟಿ ಇಟ್ಟೇಬಿಟ್ಟರು. ತಡೆಯಲು ಕೈ ಚಾಚಿ ಹಿಂದೆ ತೆಗೆದುಕೊಂಡೆ. ಪಂಥ ಕಟ್ಟಿದವನು ನಾನೇ, ತಡೆಯುವುದು ಹೇಗೆ? ಅವರು ಮೂರು ಅಂಕಿ ಒತ್ತಿದರು. ಯಂತ್ರ ಕಟಕಟನೆ ಒಂದು ಸಾಲು ಹೊಡೆಯಿತು. ಐವತ್ತೆಂಟು ಪಾಯಿಂಟ್ ನಾಲ್ಕು.

"ಮಷೀನ್ ಕೆಟ್ಟೈತಿ," ಅಂದೆ.

ವಿನೋದಿನಿ ವಾದ ಮಾಡಲಿಲ್ಲ. "ಖರೇ ಅರವತ್ತ ಇದ್ರ ಇಂಥಾವು ಆರು ಸೇರಿ ಒಂದು ಪೂರಾ ಸುತ್ತು ಆಗಬೇಕು, ಹೌದಲ್ಲೋ? ಆರು ಸಲ ಬರಸ್ತೀನಿ, ನೀವ ನೋಡ್ರಿ."

ಪೆನ್ನು ತಾನಾಗಿ ಎದ್ದು ಓಡತೊಡಗಿತು. ಕೈಯಿಲ್ಲ, ಕಣ್ಣಿಲ್ಲ, ಅಷ್ಟು ನೇರ ಗೆರೆ. ನಾನು ಮೂವತ್ತು ವರ್ಷ ಕಲಿತದ್ದನ್ನು ಅದು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಮಾಡುತ್ತಿತ್ತು. ಅದಕ್ಕೇ ನಾನು ದಂಗಾಗಿದ್ದೆ. ಆದರೆ ಆರನೆಯ ತುಂಡು ಮುಗಿಸಿ ಪೆನ್ನು ನಿಂತಾಗ ಕಾಲ ಕೆಳಗಿನ ನೆಲವೇ ಸರಿದಂತಾಯಿತು. ಕೊನೆಯ ಗೆರೆ ಮೊದಲ ಗೆರೆಯನ್ನು ಮುಟ್ಟಿರಲಿಲ್ಲ. ಮತ್ತೆ ಬರೆಸಿ ಅಂದೆ. ಮತ್ತೆ ಅದೇ. ಫರ್ಮಾವನ್ನೇ ಕಾಗದದ ಮೇಲಿಟ್ಟು ನೋಡಿದೆ, ಯಂತ್ರ ಬರೆದ ತುಂಡಿನ ಮೇಲೆ ಸರಿಯಾಗಿ ಕೂತಿತು. ಯಂತ್ರ ಸುಳ್ಳು ಹೇಳಿರಲಿಲ್ಲ.

ಫರ್ಮಾವನ್ನು ಬದಿಗೆ ಸರಿಸಿದೆ. "ಬಾಯಾರ, ಇದರವು ನಾಕು, ಖರೇ ಅರವತ್ತರವು ಎರಡು. ಹಂಗ ಒಮ್ಮೆ ಬರಸ್ರಿ."

ಬರೆಸಿದರು. ಅದೇ ಸಂದು. ಏಳು ವರ್ಷದ ಹಿಂದೆ ವರ್ಕ್‌ಶಾಪಿನ ನೆಲದ ಮೇಲೆ ಕಂಡದ್ದು ಕಾಗದದ ಮೇಲೆ ಚಿಕ್ಕದಾಗಿ ಬಂದು ಕೂತಿತ್ತು. ಕಡೆಗೆ ಅವರು ಆರನ್ನೂ ಅರವತ್ತರಲ್ಲಿ ಬರೆಸಿದರು. ತುದಿಗೆ ತುದಿ ಮುಟ್ಟಿ ಸುತ್ತು ಮುಚ್ಚಿಕೊಂಡಿತು. ಅಂದರೆ ಆ ದಿನ ಸರಿಯಾಗಿದ್ದದ್ದು ಉಸ್ಮಾನನ ಎರಡೇ. ನನ್ನ ನಾಲ್ಕೂ ಒಂದೇ ತಪ್ಪಿನ ನಾಲ್ಕು ನಕಲು.

"ಯಾಕ ಚಾಚಾ, ಆರಾಮ ಇಲ್ಲೇನು? ನೀರು ತರಸ್ಲಿ?" ಅಂದರು ವಿನೋದಿನಿ. ನಾನು ಫರ್ಮಾವನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಕೊಂಡು ಹೊರಬಿದ್ದೆ.

ಬೈಕುಲ್ಲಾಕ್ಕೆ ಹೋಗಲಿಲ್ಲ. ಮಾಹಿಮ್‌ನಲ್ಲಿ ಇಳಿದು ಧಾರಾವಿಗೆ ನಡೆದೆ. ನಾಲ್ಕು ಜನರನ್ನು ಕೇಳಿ ಅವನಿದ್ದ ಖೋಲಿ ಪತ್ತೆ ಮಾಡಿದೆ. ಉಸ್ಮಾನ ನೆಲದ ಮೇಲೆ ಕೂತು ಚರ್ಮ ಕತ್ತರಿಸುತ್ತಿದ್ದ, ಗಡ್ಡ ಅಲ್ಲಲ್ಲಿ ಬೆಳ್ಳಗಾಗಿತ್ತು. ಅವನ ಹೆಂಡತಿ ಅಮೀನಾ ನನ್ನನ್ನು ಕಂಡು ತಲೆಯ ಮೇಲೆ ಸೆರಗು ಎಳೆದುಕೊಂಡಳು. ನಾನು ಬಾಗಿಲಲ್ಲೇ ನಿಂತು, ಅವನು ಏಳುವ ಮೊದಲೇ ಎಲ್ಲವನ್ನೂ ಒದರಿಬಿಟ್ಟೆ. ಫರ್ಮಾ ತಪ್ಪಿತ್ತು, ನೀನು ಸರಿ ಇದ್ದೆ, ನಾನು ಪಾಪಿ, ಅಬ್ಬಾ ಇದನ್ನು ತಿಳಿಯದೆಯೇ ಹೋಗಿಬಿಟ್ಟರು ಎಂದೆ.

ಉಸ್ಮಾನ ಕತ್ತಿ ಕೆಳಗಿಟ್ಟ. "ಅಬ್ಬಾಗ ಗೊತ್ತಿತ್ತು ಭಾಯಿ."

"ಏನ ಗೊತ್ತಿತ್ತು?"

"ಅವತ್ತ ಮುಖ ನೋಡಿದ ಕೂಡಲೇ ನನಗ ತಿಳೀತು. ಅದಕ್ಕ ಸುಮ್ಮನಾದೆ. ಅಷ್ಟ ಮಂದಿ ಮುಂದ ಉಸ್ತಾದಂದ ತಪ್ಪು ಅಂತ ಹೆಂಗ ಅನ್ನೂದು? ಮುಂದಿನ ವಾರ ಅಬ್ಬಾ ಇಲ್ಲಿಗೆ ಬಂದ್ರು. ಯಾವಾಗೋ ಫರ್ಮಾ ಕೈ ಜಾರಿ ಬಿದ್ದು ತುದಿ ಮಣದಿತ್ತಂತ. ಬಡದು, ತಿಕ್ಕಿ ಸರಿ ಮಾಡಿದ್ರಂತ, ಆಗ ಮೂಲಿ ತಪ್ಪಿತಂತ. ಹೇಳಿ ಅತ್ತರು."

"ಇಲ್ಲಿಗೆ ಬಂದಿದ್ರಾ?"

"ತೀರಿಕೊಳ್ಳೂತನಕ ಪ್ರತಿ ಶುಕ್ರವಾರ ಬರತಿದ್ರು. ನಮಾಜ್ ಮುಗಿಸಿ."

ಶುಕ್ರವಾರಗಳಂದು ಅಬ್ಬಾ ತಡವಾಗಿ ಮನೆಗೆ ಬರುತ್ತಿದ್ದರು. ಮಸೀದಿಯಲ್ಲಿ ಊರಿನವರು ಸಿಗುತ್ತಾರೆ ಎನ್ನುತ್ತಿದ್ದರು, ನಾನು ನಂಬುತ್ತಿದ್ದೆ.

"ನನಗ್ಯಾಕ ಹೇಳಲಿಲ್ಲ?" ಎಂದು ಕೇಳಿದೆ. "ಅವರಾದ್ರೂ, ನೀನಾದ್ರೂ?"

ಉಸ್ಮಾನ ಹೆಂಡತಿಯ ಕಡೆ ನೋಡಿದ. ಉತ್ತರ ಕೊಟ್ಟವಳು ಅಮೀನಾ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಭಾವಾರಿಗೆ ಹೇಳಿಬಿಡ್ರಿ ಅಂತ ನಾನ ಅಬ್ಬಾಗ ಎಷ್ಟೋ ಸಲ ಅಂದೆ. 'ಬ್ಯಾಡವ್ವ, ಉಸ್ಮಾನ ಗಟ್ಟಿ, ತಡಕೊಂತಾನ. ಜಮಾಲಗ ಅಷ್ಟು ತ್ರಾಣ ಇಲ್ಲ, ಗೊತ್ತಾದ್ರ ಮುರದ ಹೋಗತಾನ. ನೀವಿಬ್ಬರೂ ಅವನ್ನ ಸಂಭಾಳಿಸ್ರಿ' ಅಂತಿದ್ರು."

ಅಬ್ಬಾ ತಪ್ಪಿದ್ದರು ಎಂದು ತಿಳಿದಾಗ ಯಂತ್ರದ ಕೋಣೆಯಲ್ಲಿ ಹೇಗೋ ನಿಂತುಕೊಂಡಿದ್ದೆ. ಇಲ್ಲಿ ಆಗಲಿಲ್ಲ. ಉಸ್ಮಾನನನ್ನು ಕ್ಷಮಿಸಲೋ ಬೇಡವೋ ಎಂದು ಏಳು ವರ್ಷ ನಾನು ಸೊಕ್ಕಿನಿಂದ ಯೋಚಿಸುತ್ತಿದ್ದೆ. ಅಷ್ಟು ಕಾಲವೂ ಇವರು ನನ್ನನ್ನು ಎಳೆಗೂಸಿನಂತೆ ಕಾಯ್ದುಕೊಂಡು ಬಂದಿದ್ದರು. ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಉಸ್ಮಾನ ಚರ್ಮದ ತುಂಡುಗಳನ್ನು ಒಂದು ಕಡೆ ಸರಿಸಿ, ತನ್ನ ಪಕ್ಕದಲ್ಲಿ ಜಾಗ ಮಾಡಿದ.

"ಕೂಡ್ರು ಭಾಯಿ," ಅಂದ.